ಬೋರ್ ಮೋಟಾರ್ ಕರೆಂಟ್ ಅಳೆದು ತಾನೇ ಆಫ್ ಆಗುವ ಸರ್ಕ್ಯೂಟ್ ಮಾಡುತ್ತಿದ್ದೇನೆ, ರೀಡಿಂಗ್ ನಿಲ್ಲುತ್ತಿಲ್ಲ

ಬಯಲುಸೀಮೆ ತೋಟ
ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆಯವನು, ತೆಂಗು ಅಡಿಕೆ ಇದೆ. ಬೋರ್ 420 ಅಡಿ, ಒಳಗೆ 5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್. ಎರಡು ವರ್ಷದಲ್ಲಿ ಮೋಟಾರ್ ಎರಡು ಸಲ ಸುಟ್ಟಿತು. ನೀರು ಕೆಳಗಿಳಿದ ಮೇಲೂ ಪಂಪು ಸುಮ್ನೆ ತಿರುಗುತ್ತಿತ್ತು, ಅದೇ ಕಾರಣ. ತ್ರೀ ಫೇಸ್ ಬರುವುದು ರಾತ್ರಿ, ಆಟೋ ಸ್ಟಾರ್ಟರ್ ಹಾಕಿ ಮಲಗಿರುತ್ತೇವೆ, ಎದ್ದು ಹೋಗಿ ನೋಡುವವರು ಯಾರು? ಪಂಪು ಎತ್ತುವವರನ್ನು ಕರೆಸಿ, ಪೈಪು ಒಂದೊಂದೇ ಬಿಚ್ಚಿ, ರೀವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ಒಂದು ವಾರ ತೋಟಕ್ಕೆ ನೀರಿಲ್ಲ.

ಅದಕ್ಕೆ ನಾನೇ ಮಾಡೋಣ ಅಂತ ಕೂತೆ. ಕೋಡ್ ಬರೆದು ಓಡಿಸುವ ಪುಟ್ಟ ಬೋರ್ಡ್ ಆರ್ಡುಯಿನೋ ಊನೋ, ಕರೆಂಟ್ ಅಳೆಯುವ 30 ಆಂಪ್‌ನ ಎಸಿಎಸ್712 ಮಾಡ್ಯೂಲ್, ಒಂದು ನೀಲಿ ರಿಲೇ. ಯೋಚನೆ ಸರಳ, ಕರೆಂಟ್ ಕಮ್ಮಿಯಾದರೆ ನೀರಿಲ್ಲ ಅಂತ, ಆಫ್ ಮಾಡು. ಆದರೆ 100 ರೀಡಿಂಗ್ ತೆಗೆದು ಸರಾಸರಿ ಮಾಡಿದರೆ ಮೋಟಾರ್ ಓಡುತ್ತಿದ್ದರೂ ಸೊನ್ನೆಯ ಹತ್ತಿರವೇ ಬರುತ್ತದೆ. ಸರಾಸರಿ ಬಿಟ್ಟು ಅತಿ ದೊಡ್ಡ ಬೆಲೆ ಹಿಡಿದರೆ 12.3, 12.9, 11.8 ಅಂತ ಕುಣಿಯುತ್ತದೆ. ಕ್ಲ್ಯಾಂಪ್ ಮೀಟರ್ 8.6 ಅನ್ನುತ್ತಿದೆ. ಮೋಟಾರ್ ನಿಂತಾಗಲೂ 0.4 ತೋರಿಸುತ್ತದೆ. ಸೆನ್ಸರ್ ಹಾಳಾಗಿದೆಯಾ?

ಕಾಫಿ ಕಣ
ಗುರೂ, ನೀರಿಲ್ಲದೆ ಓಡಿದರೆ ಮೋಟಾರ್ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್ ಅಂತ ಅಂಗಡಿಯಲ್ಲೇ ಸಿಗುತ್ತದಲ್ಲ. ತಂದು ಹಾಕಿ ಮಲಗಿಕೊಳ್ಳಿ.

ಬಯಲುಸೀಮೆ ತೋಟ
ತಂದಿದ್ದೆ. ಅದರಲ್ಲಿ ಒಂದು ತಿರುಪು, ಅದನ್ನು ತಿರುಗಿಸಿ ಸೆಟ್ ಮಾಡಬೇಕು. ಸಂಜೆ ಸೆಟ್ ಮಾಡಿದರೆ ನಡುರಾತ್ರಿ ಸುಮ್ಸುಮ್ನೆ ಆಫ್ ಆಗುತ್ತಿತ್ತು. ಅದಕ್ಕೆ ಹೆದರಿ ಸ್ವಲ್ಪ ಸಡಿಲ ಮಾಡಿದೆ, ಆಮೇಲೆ ಆಫ್ ಆಗಬೇಕಾದಾಗಲೂ ಆಗಲಿಲ್ಲ. ಒಳಗೆ ಏನು ನಡೆಯುತ್ತಿದೆ ಅಂತ ಕಾಣುವುದೇ ಇಲ್ಲ, ನನಗೆ ಅದೇ ಸಿಟ್ಟು.

ಶೂನ್ಯ ಓಮ್
ಸೆನ್ಸರ್ ಚೆನ್ನಾಗಿಯೇ ಇದೆ, ಲೆಕ್ಕ ಸರಿಯಿಲ್ಲ ಅಷ್ಟೆ. ಎಸಿ ಕರೆಂಟ್ ಅರ್ಧ ಹೊತ್ತು ಈ ಕಡೆ, ಅರ್ಧ ಹೊತ್ತು ಆ ಕಡೆ ಹರಿಯುತ್ತದೆ. ಅದರ ಸರಾಸರಿ ಸೊನ್ನೆಯೇ ಬರಬೇಕು. ಅತಿ ದೊಡ್ಡ ಬೆಲೆ ಹಿಡಿದರೆ ಸಿಗುವುದು ಅಲೆಯ ತುದಿ. 8.6 ಅನ್ನು 1.414ರಿಂದ ಗುಣಿಸಿ ನೋಡಿ, 12.2. ನಿಮ್ಮ 12.3 ಬಂದಿದ್ದು ಹೀಗೆ. ಕುಣಿತ ಬಂದಿದ್ದು ನಾಯ್ಸ್‌ನಿಂದ, ಯಾಕೆಂದರೆ ತುದಿ ಹಿಡಿಯುವಾಗ ಎಲ್ಲಕ್ಕಿಂತ ಕೆಟ್ಟ ಒಂದು ರೀಡಿಂಗ್ ಗೆಲ್ಲುತ್ತದೆ.

ಬೇಕಾಗಿದ್ದು ಆರ್‌ಎಂಎಸ್, ನಿಮ್ಮ ಕ್ಲ್ಯಾಂಪ್ ಮೀಟರ್ ತೋರಿಸುವಂಥ ಬೆಲೆ. ಪ್ರತಿ ರೀಡಿಂಗ್‌ನಿಂದ ಮಧ್ಯದ ಬೆಲೆ ಕಳೆಯಿರಿ, ವರ್ಗ ಮಾಡಿ, ಕೂಡುತ್ತಾ ಹೋಗಿ, ಕೊನೆಗೆ ಸರಾಸರಿ ತೆಗೆದು ವರ್ಗಮೂಲ. 100 ರೀಡಿಂಗ್ ಅಂತ ಎಣಿಸಬೇಡಿ, ಸಮಯ ಹಿಡಿಯಿರಿ. ನಮ್ಮಲ್ಲಿ 50 ಹರ್ಟ್ಸ್, ಒಂದು ಅಲೆ 20 ಮಿಲಿಸೆಕೆಂಡ್. 200 ಮಿಲಿಸೆಕೆಂಡ್ ಅಳೆದರೆ ಸರಿಯಾಗಿ ಹತ್ತು ಅಲೆ. ಅಲೆಯ ನಡುವೆ ಕತ್ತರಿಸಿದರೆ ಪ್ರತಿ ಸಲವೂ ಬೇರೆ ಉತ್ತರ ಬರುತ್ತದೆ. ಊನೋದಲ್ಲಿ ಒಂದು ರೀಡಿಂಗ್‌ಗೆ ಸುಮಾರು 100 ಮೈಕ್ರೋಸೆಕೆಂಡ್ ಹಿಡಿಯುತ್ತದೆ, ಅಂದರೆ ಒಂದು ಅಲೆಗೆ ಇನ್ನೂರರ ಹತ್ತಿರ ಚುಕ್ಕೆಗಳು, ಧಾರಾಳ.

ಇನ್ನು ಆ 0.4. ನಿಮ್ಮ ಮಾಡ್ಯೂಲ್ ಒಂದು ಆಂಪ್‌ಗೆ ಕೊಡುವುದು 66 ಮಿಲಿವೋಲ್ಟ್. ಊನೋ 5 ವೋಲ್ಟನ್ನು 1024 ಭಾಗ ಮಾಡುತ್ತದೆ, ಒಂದು ಮೆಟ್ಟಿಲು 4.9 ಮಿಲಿವೋಲ್ಟ್. ಅಂದರೆ ಒಂದು ಮೆಟ್ಟಿಲಿಗೆ 0.07 ಆಂಪ್. ನಾಯ್ಸ್ ನಾಲ್ಕೈದು ಮೆಟ್ಟಿಲು ಅಲ್ಲಾಡಿದರೆ 0.4 ಆಗಿಯೇ ಹೋಯಿತು. ನೀವು 8 ಆಂಪ್ ಸುತ್ತ ನೋಡುವವರು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸುಟ್ಟ ಸೋಲ್ಡರ್
ಮೇಡಂ ಹೇಳಿದ ಲೆಕ್ಕ ಸರಿ. ನನ್ನ ತಕರಾರು ಬೇರೆ. ತೋಟದವರೇ, ಆ ಪುಟ್ಟ ಮಾಡ್ಯೂಲ್ ಮೂಲಕ 415 ವೋಲ್ಟ್ ಲೈನ್ ಹರಿಸುತ್ತಿದ್ದೀರಾ? ಎಸಿಎಸ್712ರಲ್ಲಿ ಮೋಟಾರ್ ಕರೆಂಟ್ ಚಿಪ್‌ನ ಹೊಟ್ಟೆಯೊಳಗೇ ಹಾದು ಹೋಗುತ್ತದೆ. ಮಾಡ್ಯೂಲ್ ತಿರುಗಿಸಿ ಹಿಂಭಾಗ ನೋಡಿ, ಆ ಹಸಿರು ಕನೆಕ್ಟರ್‌ನ ಬೆಸುಗೆ ಹಾಗೇ ಬೆತ್ತಲೆ, ಅದರಿಂದ ಬೆರಳಗಲ ದೂರದಲ್ಲಿ ನಿಮ್ಮ ಆರ್ಡುಯಿನೋ ಪಿನ್‌ಗಳು. ಬೋರ್ ಮನೆಯಲ್ಲಿ ಧೂಳು, ಮಳೆಗಾಲದಲ್ಲಿ ತೇವ. ನೀವು ಲ್ಯಾಪ್‌ಟಾಪ್ ಹಚ್ಚಿ ರೀಡಿಂಗ್ ನೋಡುತ್ತಾ ಕೂತಿರುತ್ತೀರಿ. ನನಗೆ ನೆನೆಸಿಕೊಂಡರೇ ಮೈ ಜುಮ್ ಅನ್ನುತ್ತದೆ.

ಸಿಟಿ ಹಾಕಿ. ಕರೆಂಟ್ ಟ್ರಾನ್ಸ್‌ಫಾರ್ಮರ್. ವೈರು ಅದರ ತೂತಿನೊಳಗೆ ಹಾದು ಹೋಗುತ್ತದೆ, ಎಲ್ಲೂ ಕತ್ತರಿಸಬೇಕಿಲ್ಲ, ಮುಟ್ಟಬೇಕಿಲ್ಲ. ಎಸ್‌ಸಿಟಿ-013 ಅಂತ ಕೇಳಿ, ಕ್ಲಿಪ್ ಥರ ಬಾಯಿ ಬಿಡುತ್ತದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಅದರಲ್ಲಿ 100 ಆಂಪ್‌ಗೆ 50 ಮಿಲಿಆಂಪ್ ಕೊಡುವ ಬಗೆ ಒಂದಿದೆ, ಒಳಗೇ ರೆಸಿಸ್ಟರ್ ಹಾಕಿ ನೇರ ವೋಲ್ಟೇಜ್ ಕೊಡುವ ಬಗೆ ಇನ್ನೊಂದು. ಮೇಲಿನ ಬರಹ ಓದಿ ತಗೊಳ್ಳಿ.

ಡಿಪ್ಲೊಮಾ ಹುಡುಗ
ಸರ್, ಅದೇ ಸಿಟಿ ನನ್ನ ಹತ್ತಿರ ಇದೆ. ಮನೆಯ ಇಸ್ತ್ರಿಪೆಟ್ಟಿಗೆಯ ವೈರಿಗೆ ಕ್ಲಿಪ್ ಮಾಡಿದೆ, ಸೊನ್ನೆ ಬಿಟ್ಟು ಬೇರೇನೂ ಬರಲಿಲ್ಲ. ಅದಕ್ಕೇ ಡಬ್ಬಕ್ಕೆ ಎಸೆದಿದ್ದೆ.

ಸುಟ್ಟ ಸೋಲ್ಡರ್
ಇಡೀ ಕೇಬಲ್‌ಗೆ ಹಾಕಿದೆಯಾ? ಹೋಗುವ ಕರೆಂಟು, ಬರುವ ಕರೆಂಟು ಎರಡೂ ಅದರೊಳಗೇ ಇದ್ದರೆ ಒಂದಕ್ಕೊಂದು ಹೊಡೆದು ಹೋಗುತ್ತದಪ್ಪ. ಒಂದೇ ವೈರು ಹಾಯಬೇಕು. ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತಗೊಂಡು, ಪ್ಲಗ್ ಕಿತ್ತಿಟ್ಟು, ಹೊರಗಿನ ಸಿಪ್ಪೆ ಮಾತ್ರ ಸುಲಿದು ಫೇಸ್ ವೈರು ಬೇರೆ ಮಾಡು, ಅದರ ಬಣ್ಣದ ಇನ್ಸುಲೇಶನ್‌ಗೆ ಗೀರು ಬೀಳಬಾರದು. ಡಬ್ಬದಿಂದ ಎತ್ತಿಕೋ, ಪಾಪ.

ಡಿಪ್ಲೊಮಾ ಹುಡುಗ
ಬಂತು ಸರ್!! 1000 ವ್ಯಾಟ್ ಪೆಟ್ಟಿಗೆ, ಲೆಕ್ಕದಲ್ಲಿ 4.3 ಆಂಪ್, ನನಗೆ 4.2 ಬಂತು.

ಶೂನ್ಯ ಓಮ್
ತೋಟದವರೂ ಕ್ಯಾಲಿಬ್ರೇಶನ್ ಹೀಗೇ ಮಾಡಿಕೊಳ್ಳಬಹುದು, ಹೀಟರ್ ಕಾಯಿಲ್‌ನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ತಲೆನೋವು ಇಲ್ಲ. ಸಿಟಿಯ ಎರಡು ತುದಿಗೆ ಅಡ್ಡ 100 ಓಮ್ ರೆಸಿಸ್ಟರ್ ಹಾಕಿ. 2000ಕ್ಕೆ ಒಂದು ಅನುಪಾತ, 8.6 ಆಂಪ್‌ಗೆ 4.3 ಮಿಲಿಆಂಪ್, ಅಂದರೆ 0.43 ವೋಲ್ಟ್ ಸಿಗುತ್ತದೆ. ಆರ್ಡುಯಿನೋಗೆ ಮೈನಸ್ ವೋಲ್ಟೇಜ್ ಆಗದು, ಆದ್ದರಿಂದ 5 ವೋಲ್ಟ್‌ನಿಂದ ಎರಡು 10 ಕೆ ರೆಸಿಸ್ಟರ್ ಇಳಿಸಿ ನಡುವೆ 2.5 ವೋಲ್ಟ್ ಮಾಡಿ, ಅಲ್ಲಿ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಸಿಟಿಯ ಒಂದು ತುದಿ ಅಲ್ಲಿಗೆ, ಇನ್ನೊಂದು ಅನಲಾಗ್ ಪಿನ್‌ಗೆ. ಪಿನ್‌ಗೆ ಹೋಗುವ ದಾರಿಯಲ್ಲಿ ಒಂದು 1 ಕೆ ಇರಲಿ. ಸ್ಟಾರ್ಟ್ ಆಗುವಾಗ ಮೋಟಾರ್ ಐದಾರು ಪಟ್ಟು ಎಳೆಯುತ್ತದೆ, ಆಗ ಅಲೆಯ ತುದಿ 5 ವೋಲ್ಟ್ ದಾಟುತ್ತದೆ, ಆ 1 ಕೆ ಪಿನ್ ಉಳಿಸುತ್ತದೆ.

ಸುಟ್ಟ ಸೋಲ್ಡರ್
ಮತ್ತೊಂದು. ಮೋಟಾರ್ ಓಡುವಾಗ ಆ 100 ಓಮ್ ಕಿತ್ತು ಸಿಟಿಯ ತುದಿ ತೆರೆದು ಬಿಡಬೇಡಿ. ಈ ಕ್ಲಿಪ್ ಸಿಟಿಯೊಳಗೆ ವೋಲ್ಟೇಜ್ ತಡೆಯುವ ಡಯೋಡ್ ಇರುತ್ತದೆ, ಪ್ಯಾನೆಲ್‌ಗೆ ಹಾಕುವ ದೊಡ್ಡ ಸಿಟಿಗಳಲ್ಲಿ ಇರುವುದಿಲ್ಲ. ತೆರೆದ ತುದಿಯಲ್ಲಿ ನೂರಾರು ವೋಲ್ಟ್ ಏರುತ್ತದೆ. ನಾನು ಸರ್ವಿಸ್‌ನಲ್ಲಿದ್ದಾಗ ಒಮ್ಮೆ ಅದರ ರುಚಿ ನೋಡಿದ್ದೇನೆ, ಮೊಣಕೈವರೆಗೆ ಒಂದು ಗಂಟೆ ಜೋಮು.

ವೈಂಡಿಂಗ್ ಅಂಗಡಿ
ಎಲ್ಲ ಓದಿದೆ. ಸರ್ಕ್ಯೂಟ್ ನನಗೆ ಅಷ್ಟಕ್ಕಷ್ಟೆ, ಆದರೆ ಮೋಟಾರ್ ದಿನಾ ಬಿಚ್ಚುತ್ತೇನೆ. ಅಣ್ಣಾ, ಎರಡೂ ಸಲ ಡ್ರೈ ರನ್ನೇ ಅಂತ ನಿಮಗೆ ಹೇಳಿದವರು ಯಾರು? ಸುಟ್ಟ ವೈಂಡಿಂಗ್ ನೋಡಿದಿರಾ? ನೀರಿಲ್ಲದೆ ಓಡಿದ್ದರೆ ಪಂಪಿನ ಬುಷ್ ತಿಂದಿರುತ್ತದೆ, ಯಾಕೆಂದರೆ ಅದಕ್ಕೆ ನೀರೇ ಎಣ್ಣೆ. ಮೋಟಾರ್ ತಣ್ಣಗಾಗುವುದೂ ಹೊರಗೆ ಹರಿಯುವ ನೀರಿನಿಂದಲೇ, ಅದು ನಿಂತರೆ ಎಲ್ಲ ಕಾಯಿಲೂ ಒಂದೇ ಥರ ಬೇಯುತ್ತದೆ. ಒಂದು ಫೇಸ್ ಹೋಗಿ ಸುಟ್ಟಿದ್ದರೆ ಹಾಗಲ್ಲ. ಸ್ಟಾರ್ ಕನೆಕ್ಷನ್ ಮೋಟಾರ್ ಆದರೆ ಎರಡು ಫೇಸಿನ ಕಾಯಿಲ್ ಕರಗಿರುತ್ತದೆ, ಮೂರನೆಯದು ನಿನ್ನೆ ಸುತ್ತಿದ ಹಾಗೆ ಹೊಳೆಯುತ್ತಿರುತ್ತದೆ.

ಬಯಲುಸೀಮೆ ತೋಟ
ಅಯ್ಯೋ. ಎರಡನೇ ಸಲದ ಫೋಟೋ ಫೋನ್‌ನಲ್ಲಿ ಇತ್ತು, ಈಗ ತೆಗೆದು ನೋಡಿದೆ. ಎರಡು ಗುಂಪು ಕಪ್ಪು, ನಡುನಡುವೆ ಒಂದು ಗುಂಪು ಹೊಸದರ ಹಾಗಿದೆ. ಅಂಗಡಿಯವರು ಆಗ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವೈಂಡಿಂಗ್ ಅಂಗಡಿ
ಅದೇ ಮತ್ತೆ. ಒಂದು ಸಲ ಬೋರ್ ಒಣಗಿ, ಒಂದು ಸಲ ಫೇಸ್ ಹೋಗಿ. ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಹತ್ತಿರ ಒಂದು ಫ್ಯೂಸ್ ಹಾರಿದರೂ ಸಾಕು. ನೀವು ಒಂದೇ ಫೇಸಿಗೆ ಸೆನ್ಸರ್ ಹಾಕಿ ಕರೆಂಟ್ ಕಮ್ಮಿ ಆಗುವುದನ್ನೇ ಕಾಯುತ್ತಾ ಕೂತಿದ್ದರೆ ಇದು ಕಾಣುವುದೇ ಇಲ್ಲ.

ಶೂನ್ಯ ಓಮ್
ಹೌದಲ್ವಾ! ಓಡುವಾಗ ಒಂದು ಫೇಸ್ ಹೋದರೆ ಅದೇ ಭಾರ ಎಳೆಯಲು ಉಳಿದ ಎರಡರಲ್ಲಿ ಕರೆಂಟ್ ಸುಮಾರು 1.73 ಪಟ್ಟು ಆಗುತ್ತದೆ, 8.6 ಇದ್ದದ್ದು 15ರ ಹತ್ತಿರ. ಕಮ್ಮಿ ಆಗುವುದನ್ನಷ್ಟೇ ನೋಡುವ ಕೋಡ್‌ಗೆ ಅದು "ನೀರು ಚೆನ್ನಾಗಿದೆ" ಅಂತ ಅನ್ನಿಸುತ್ತದೆ.

ಆರ್, ವೈ, ಬಿ ಅಂತ ಮೂರು ಫೇಸ್ ಇವೆಯಲ್ಲ, ಎರಡು ಸಿಟಿ ಹಾಕಿ, ಆರ್ ಫೇಸಿಗೆ ಒಂದು, ವೈ ಫೇಸಿಗೆ ಒಂದು. ಮೂರು ಬೇಕಿಲ್ಲ. ಆರ್ ಹೋದರೆ ಆರ್ ಸೊನ್ನೆ, ವೈ ಹೋದರೆ ವೈ ಸೊನ್ನೆ. ಸಿಟಿ ಇಲ್ಲದ ಬಿ ಹೋದರೆ ಎರಡೂ ಒಟ್ಟಿಗೆ 15 ಕಡೆ ಏರುತ್ತವೆ, ಓವರ್‌ಲೋಡ್ ಮಿತಿಗೆ ಸಿಕ್ಕಿಬೀಳುತ್ತದೆ.

ಡಿಪ್ಲೊಮಾ ಹುಡುಗ
ನಡುವೆ ನನ್ನದೊಂದು ಪ್ರಶ್ನೆ, ಬೈಬೇಡಿ. ಯುಪಿಎಸ್‌ನ ಹಳೇ 12 ವೋಲ್ಟ್ ಬ್ಯಾಟರಿ ಪರೀಕ್ಷೆ ಮಾಡಲು 1 ಆಂಪ್ ಕಾನ್ಸ್ಟಂಟ್ ಕರೆಂಟ್ ಲೋಡ್ ಕಟ್ಟಿದ್ದೇನೆ. ಎಲ್‌ಎಂ358 ಆಂಪ್ಲಿಫೈಯರ್, ಕರೆಂಟ್ ಹಿಡಿತದಲ್ಲಿಡಲು ಒಂದು ಮಾಸ್‌ಫೆಟ್, 0.1 ಓಮ್ ರೆಸಿಸ್ಟರ್, ಎಲ್ಲ ಬ್ರೆಡ್‌ಬೋರ್ಡ್ ಮೇಲೆ. 0.1 ವೋಲ್ಟ್ ಸೆಟ್ ಮಾಡಿದರೆ 1 ಆಂಪ್ ಬರಬೇಕು, 0.7 ಬರುತ್ತಿದೆ.

ಶೂನ್ಯ ಓಮ್
ಬ್ರೆಡ್‌ಬೋರ್ಡ್‌ನ ತೂತಿಗೂ ಓಮ್ ಇದೆ ತಮ್ಮಾ. 0.04 ಓಮ್ ಸೇರಿಕೊಂಡರೂ ನಿನ್ನ 0.1 ಹೋಗಿ 0.14 ಆಯಿತು, 0.1 ಭಾಗ 0.14, ಅದೇ ನಿನ್ನ 0.7. ರೆಸಿಸ್ಟರ್‌ನ ಕಾಲಿಗೇ ಎರಡು ತೆಳು ವೈರು ಬೆಸೆದು ಅಲ್ಲಿಂದ ಆಂಪ್ಲಿಫೈಯರ್‌ಗೆ ಕೊಡು, ದಪ್ಪ ಕರೆಂಟ್ ಹರಿಯುವ ದಾರಿಯೇ ಬೇರೆ, ಅಳೆಯುವ ದಾರಿಯೇ ಬೇರೆ ಇರಬೇಕು. ಎಲ್‌ಎಂ358ಕ್ಕೂ ಕೆಲವು ಮಿಲಿವೋಲ್ಟ್ ಆಫ್‌ಸೆಟ್ ಇರುತ್ತದೆ, 100 ಮಿಲಿವೋಲ್ಟ್‌ನಲ್ಲಿ ಅದೂ ಕಾಣುತ್ತದೆ. ಆಮೇಲೆ ಮಾಸ್‌ಫೆಟ್ ಮೇಲೆ 12 ವ್ಯಾಟ್ ಬಿಸಿ, ಹೀಟ್‌ಸಿಂಕ್ ಇಲ್ಲದೆ ಮುಟ್ಟಿ ನೋಡಬೇಡ.

ಡಿಪ್ಲೊಮಾ ಹುಡುಗ
ಮುಟ್ಟಿ ಆಗಿದೆ ಅಕ್ಕಾ.

ಬಯಲುಸೀಮೆ ತೋಟ
ಹತ್ತು ದಿನ ಆಯಿತು, ಬರೆಯಲು ಆಗಿರಲಿಲ್ಲ. ಎರಡು ಸಿಟಿ ಹಾಕಿದೆ, ಆರ್‌ಎಂಎಸ್ ಲೆಕ್ಕ ಹಾಕಿದೆ, ಈಗ ರೀಡಿಂಗ್ ಕಲ್ಲಿನ ಹಾಗೆ ನಿಂತಿದೆ. ನೀರಿಲ್ಲದಾಗ ಹೇಗಿರುತ್ತದೆ ಅಂತ ನೋಡಲು ಗೇಟ್ ವಾಲ್ವ್ ಅರ್ಧ ನಿಮಿಷ ಪೂರ್ತಿ ಮುಚ್ಚಿದೆ. 8.6 ಇದ್ದದ್ದು 6.1ಕ್ಕೆ ಬಂತು. ನಾನು ಎರಡು ಮೂರಕ್ಕೆ ಇಳಿಯುತ್ತದೆ ಅಂದುಕೊಂಡಿದ್ದೆ. ಸರಿ, 7.2ಕ್ಕೆ ಮಿತಿ ಇಟ್ಟೆ. ಆದರೆ ವೋಲ್ಟೇಜ್ 360ಕ್ಕೆ ಬಿದ್ದಾಗ ನೀರಿದ್ದರೂ 9.7 ಎಳೆಯುತ್ತದೆ, ನಡುರಾತ್ರಿ 440 ಇದ್ದಾಗ ವಾಲ್ವ್ ಮುಚ್ಚಿದರೂ 6.9 ಇರುತ್ತದೆ. ಅಂಗಡಿಯ ಡಬ್ಬ ಯಾಕೆ ದಾರಿ ತಪ್ಪುತ್ತಿತ್ತು ಅಂತ ಈಗ ಗೊತ್ತಾಯಿತು.

ಶೂನ್ಯ ಓಮ್
ಖಾಲಿ ತಿರುಗುವಾಗಲೂ ಮೋಟಾರ್‌ಗೆ ಒಳಗೆ ಅಯಸ್ಕಾಂತ ಕಟ್ಟಿಕೊಳ್ಳಲು ಕರೆಂಟ್ ಬೇಕು, ಅದು ಕೆಲಸಕ್ಕೆ ಬರದ ಕರೆಂಟು. ವೋಲ್ಟೇಜ್ ಜಾಸ್ತಿಯಾದರೆ ಅದೂ ಜಾಸ್ತಿ. ಆಂಪ್ ಬಿಡಿ, ವ್ಯಾಟ್ ನೋಡಿ. ನೀರಿದ್ದಾಗ ಪವರ್ ಫ್ಯಾಕ್ಟರ್ 0.8ರ ಹತ್ತಿರ, ಖಾಲಿ ಇದ್ದಾಗ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಒಂದು ಫೇಸಿಗೆ 240 ವೋಲ್ಟ್, 8.6 ಆಂಪ್, 0.8 ಅಂದರೆ 1650 ವ್ಯಾಟ್. 6.1 ಆಂಪ್, 0.45 ಅಂದರೆ 660. ಆಂಪ್‌ನಲ್ಲಿ ಮೂವತ್ತು ಪರ್ಸೆಂಟ್ ಇಳಿತ, ವ್ಯಾಟ್‌ನಲ್ಲಿ ಅರವತ್ತು. ಮಿತಿ ಇಡಲು ಎಷ್ಟು ಜಾಗ ಸಿಕ್ಕಿತು ನೋಡಿ.

ನಿಮ್ಮ ಪ್ಯಾನೆಲ್‌ಗೆ ನ್ಯೂಟ್ರಲ್ ಬಂದಿದ್ದರೆ ಪಿಝಡ್‌ಇಎಂ-004ಟಿ ಮಾಡ್ಯೂಲ್ ಒಂದು ಫೇಸಿಗೆ ಹಾಕಿ, ವೋಲ್ಟ್, ಆಂಪ್, ವ್ಯಾಟ್ ಎಲ್ಲ ಅದೇ ಲೆಕ್ಕ ಹಾಕಿ ಕೊಡುತ್ತದೆ. ಅದರ ಮಿತಿ 260 ವೋಲ್ಟ್. ನಿಮ್ಮ 440 ಅಂದರೆ ಫೇಸಿಗೆ 254, ಅಂಚಿನಲ್ಲೇ ಇದ್ದೀರಿ, ನೋಡಿಕೊಳ್ಳಿ.

ಸುಟ್ಟ ಸೋಲ್ಡರ್
ಅಳೆಯುವುದಾಯಿತು, ಆಫ್ ಮಾಡುವುದು ಹೇಗೆ? ಆ ನೀಲಿ ರಿಲೇ ಎಲ್ಲಿ ಹಾಕಿದ್ದೀರಿ?

ಬಯಲುಸೀಮೆ ತೋಟ
ಸ್ಟಾರ್ಟರ್ ಕಾಯಿಲ್‌ಗೆ ಹೋಗುವ ವೈರಿನಲ್ಲಿ, ಸ್ಟಾಪ್ ಬಟನ್ ಜೊತೆ ಸೀರೀಸ್. ರಿಲೇ ಮೇಲೆ 10 ಆಂಪ್ ಅಂತ ಇದೆ, ಕಾಯಿಲ್ ಎಳೆಯುವುದು ಅದರಲ್ಲಿ ಎಷ್ಟೋ ಕಮ್ಮಿ.

ಸುಟ್ಟ ಸೋಲ್ಡರ್
ಜಾಗ ಸರಿ, ರಿಲೇ ತಪ್ಪು. ಆಂಪ್ ಪಕ್ಕದಲ್ಲಿ ಬರೆದ ವೋಲ್ಟ್ ಓದಿ, 250. ನಿಮ್ಮ ಸ್ಟಾರ್ಟರ್ ಕಾಯಿಲ್ ಎರಡು ಫೇಸ್ ನಡುವೆ ಕೂತಿರುತ್ತದೆ, 415. ತೆರೆದುಕೊಂಡರೂ ನಡುವೆ ಕಿಡಿ ಉಳಿದು ಒಂದು ದಿನ ಅಂಟಿಕೊಳ್ಳುತ್ತದೆ. ಆ ದಿನ ನಿಮ್ಮ ಆರ್ಡುಯಿನೋ ಆಫ್ ಅನ್ನುತ್ತಲೇ ಇರುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ.

ವೈಂಡಿಂಗ್ ಅಂಗಡಿ
230 ವೋಲ್ಟ್ ಕಾಯಿಲಿನ ಒಂದು ಚಿಕ್ಕ ಕಾಂಟ್ಯಾಕ್ಟರ್ (ರಿಲೇ ಥರವೇ, ಗಟ್ಟಿಯಾದದ್ದು) ನಡುವೆ ಹಾಕಿ. ನೀಲಿ ರಿಲೇ ಅದನ್ನು ಎತ್ತಲಿ, ಅದರ ಕಾಂಟ್ಯಾಕ್ಟ್ ಸ್ಟಾಪ್ ಬಟನ್ ಜೊತೆ ಇರಲಿ. ನಾವು ಪ್ಯಾನೆಲ್ ಕಟ್ಟುವಾಗ ಹಾಗೇ ಮಾಡುವುದು. ಆಮೇಲೆ ಕೈ ಹಾಕುವ ಮುಂಚೆ ಫ್ಯೂಸ್ ಇರುವ ಕಟೌಟ್ ಮೂರೂ ಕಿತ್ತು ಜೇಬಲ್ಲಿಟ್ಟುಕೊಳ್ಳಿ, ಮೇನ್ ಆಫ್ ಮಾಡಿದೆ ಅಂತ ನಂಬಬೇಡಿ.

ಬಯಲುಸೀಮೆ ತೋಟ
ಹಾಕಿದೆ. ಆದರೆ ಕಾಂಟ್ಯಾಕ್ಟರ್ ಬಿಟ್ಟುಕೊಂಡಾಗಲೆಲ್ಲ ಆರ್ಡುಯಿನೋ ರೀಸ್ಟಾರ್ಟ್ ಆಗಿ ಮತ್ತೆ ಮೋಟಾರ್ ಆನ್ ಮಾಡುತ್ತದೆ. ಕುತ್ತಿಗೆಗೇ ಬಂತು.

ಶೂನ್ಯ ಓಮ್
ಕಾಯಿಲ್ ಬಿಡುವಾಗ ಹುಟ್ಟುವ ಸ್ಪೈಕ್. ಚಿಕ್ಕ ಕಾಂಟ್ಯಾಕ್ಟರ್ ಕಾಯಿಲ್‌ಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರ್ ಮತ್ತು 100 ಓಮ್ ಸೀರೀಸ್‌ನಲ್ಲಿ ಹಾಕಿ. ಕೋಡ್‌ನಲ್ಲೂ ಒಂದು ಬದಲಾವಣೆ ಬೇಕು, ಟ್ರಿಪ್ ಆಯಿತು ಅನ್ನುವುದನ್ನು ಕರೆಂಟ್ ಹೋದರೂ ಅಳಿಯದ ಈಈಪ್ರಾಮ್ ಮೆಮೊರಿಯಲ್ಲಿ ಬರೆದಿಡಿ, ರೀಸ್ಟಾರ್ಟ್ ಆದರೂ ಮರೆಯಬಾರದು. ಡ್ರೈ ರನ್ ಟ್ರಿಪ್ ಆದರೆ ಬೋರ್‌ನಲ್ಲಿ ನೀರು ಊರುವಷ್ಟು ಹೊತ್ತು ಕಾದು ಮತ್ತೆ ಆನ್. ಫೇಸ್ ಟ್ರಿಪ್ ಆದರೆ ಯಾರಾದರೂ ಬಂದು ಬಟನ್ ಒತ್ತುವವರೆಗೆ ಆನ್ ಆಗಲೇಬಾರದು.

ಕಾಫಿ ಕಣ
ಅಂಗಡಿಯದ್ದು ತಗೊಳ್ಳಿ ಅಂದಿದ್ದಕ್ಕೆ ನನಗೇ ನಾಚಿಕೆ ಆಗುತ್ತಿದೆ. ಒಂದು ಅನುಮಾನ, ಇಷ್ಟೆಲ್ಲ ಆದ ಮೇಲೆ ಸ್ಟಾರ್ಟರ್‌ನಲ್ಲಿರುವ ಹಳೇ ಓವರ್‌ಲೋಡ್ ರಿಲೇ ಬೇಕಾ?

ಬಯಲುಸೀಮೆ ತೋಟ
ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅದು ಆಗಾಗ ತೊಂದರೆ ಕೊಡುತ್ತದೆ. ಬೈಪಾಸ್ ಮಾಡಿಬಿಡಲಾ?

ವೈಂಡಿಂಗ್ ಅಂಗಡಿ
ಬೇಡ. ಬೇಡ. ಅದರಲ್ಲಿರುವುದು ಬಿಸಿಯಾದರೆ ಬಾಗುವ ಪಟ್ಟಿ, ಅದಕ್ಕೆ ಕೋಡ್ ಇಲ್ಲ, ಹ್ಯಾಂಗ್ ಆಗಲ್ಲ. ಇರಲಿ ಬಿಡಿ.

ಬಯಲುಸೀಮೆ ತೋಟ
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಡ್ರೈ ರನ್ ಟ್ರಿಪ್ ನಾಲ್ಕು ಸಲ ಆಗಿದೆ, ನಾಲ್ಕೂ ಸಲ ಸರಿಯಾಗಿಯೇ. ಎಸ್‌ಡಿ ಕಾರ್ಡ್‌ನಲ್ಲಿ ಸೆಕೆಂಡಿಗೊಂದು ಸಾಲು ಬರೆಸುತ್ತೇನೆ. ಮೊನ್ನೆ ಬೆಳಿಗ್ಗೆ ಹೋದರೆ ಮೋಟಾರ್ ನಿಂತಿದೆ, ನನ್ನ ಸರ್ಕ್ಯೂಟ್ ಟ್ರಿಪ್ ಆಗಿಲ್ಲ. ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ ಹೊರಗೆ ಬಂದಿದೆ. ಕಾರ್ಡ್ ತೆಗೆದು ನೋಡಿದರೆ ರಾತ್ರಿ 1:12ಕ್ಕೆ ಆರ್ 0, ವೈ 41. ಅದರ ಕೆಳಗೂ ಆರ್ 0, ವೈ 41. ಹೀಗೆ ಒಂಬತ್ತು ಸಾಲು, ಆಮೇಲೆ ಎರಡೂ ಸೊನ್ನೆ.

ಸ್ಟಾರ್ಟರ್ ಬಿಚ್ಚಿದೆ. ಆರ್ ಫೇಸಿನ ಕಾಂಟ್ಯಾಕ್ಟ್ ನಡುವೆ ಒಂದು ಹಲ್ಲಿ, ಸಿಕ್ಕಿ ಅಪ್ಪಚ್ಚಿಯಾಗಿ ಒಣಗಿತ್ತು. ಆ ಫೇಸ್ ಕೂಡಿಕೊಳ್ಳಲೇ ಇಲ್ಲ, ಮೋಟಾರ್ ತಿರುಗದೆ ಗುಂಯ್ ಅನ್ನುತ್ತಾ 41 ಆಂಪ್ ಎಳೆದಿದೆ. ನಾನು ಸ್ಟಾರ್ಟ್ ಕರೆಂಟಿಗೆ ಅಂತ ಮೊದಲ 15 ಸೆಕೆಂಡ್ ಏನನ್ನೂ ನೋಡಬೇಡ ಅಂತ ಕೋಡ್ ಬರೆದಿದ್ದೆ. ಅದು ಹೇಳಿದ ಹಾಗೆ ಕಣ್ಣು ಮುಚ್ಚಿಕೊಂಡು ಸಾಲು ಸಾಲು ಬರೆದುಕೊಂಡಿದೆ.

ವೈಂಡಿಂಗ್ ಅಂಗಡಿ
ಬೈಪಾಸ್ ಮಾಡಿದ್ದರೆ ಇವತ್ತು ನನ್ನ ಅಂಗಡಿಗೆ ಬಂದಿರುತ್ತಿದ್ದಿರಿ.

ಶೂನ್ಯ ಓಮ್
ಇದು ನನಗೂ ಹೊಳೆಯಬೇಕಿತ್ತು. ಕಾಯುವ ಸಮಯ ವ್ಯಾಟ್ ಮಿತಿಗೆ ಮತ್ತು ಓವರ್‌ಲೋಡ್ ಮಿತಿಗೆ ಮಾತ್ರ ಇರಲಿ. ಎರಡು ಫೇಸಿನ ವ್ಯತ್ಯಾಸ ನೋಡುವುದಕ್ಕೆ ಒಂದು ಸೆಕೆಂಡ್ ಸಾಕು, ಸರಿಯಿರುವ ಮೋಟಾರ್ ಸ್ಟಾರ್ಟ್ ಆಗುವಾಗಲೂ ಆರ್, ವೈ ಹೆಚ್ಚುಕಮ್ಮಿ ಒಂದೇ ಇರುತ್ತವೆ. ಬಿ ಹೋದರೆ ಮಾತ್ರ ಎರಡೂ 41 ಸಮನಾಗಿ ತೋರಿಸುತ್ತವೆ, ಅಲ್ಲಿ ವ್ಯತ್ಯಾಸ ಸಿಗುವುದಿಲ್ಲ. ಅದಕ್ಕೆ ಮೂರು ಸೆಕೆಂಡಾದರೂ ಕರೆಂಟ್ ಇಳಿಯದಿದ್ದರೆ ಆಫ್ ಅಂತ ಹಾಕಿ. ಸಬ್‌ಮರ್ಸಿಬಲ್ ಒಂದೆರಡು ಸೆಕೆಂಡಿನೊಳಗೆ ವೇಗ ಹಿಡಿಯುತ್ತದೆ, ನಿಮ್ಮ ಕಾರ್ಡ್‌ನಲ್ಲೇ ಇರುತ್ತದೆ ನೋಡಿ.

ಬಯಲುಸೀಮೆ ತೋಟ
ನೋಡಿದೆ. ಎಲ್ಲ ಸಲವೂ ಎರಡನೇ ಸಾಲಿಗೇ 9ರ ಕೆಳಗೆ ಬಂದಿದೆ. 15 ಸೆಕೆಂಡ್ ಯಾಕೆ ಇಟ್ಟೆನೋ ನನಗೇ ಗೊತ್ತಿಲ್ಲ. ಬದಲಾಯಿಸಿ, ಸ್ಟಾರ್ಟರ್‌ನಿಂದ ಮೋಟಾರ್‌ಗೆ ಹೋಗುವ ಆರ್ ವೈರು ಬಿಚ್ಚಿ ಸ್ಟಾರ್ಟ್ ಕೊಟ್ಟೆ, ಒಂದು ಸೆಕೆಂಡ್ ಗುಂಯ್ ಅಂದು ಟಪ್ ಅಂತ ಬಿಟ್ಟಿತು. ಹಾಗೇ ಬಿ ವೈರು ಬಿಚ್ಚಿಯೂ ಪ್ರಯತ್ನಿಸಿದೆ, ಮೂರು ಸೆಕೆಂಡಿಗೆ ಬಿಟ್ಟಿತು.

ಡಿಪ್ಲೊಮಾ ಹುಡುಗ
ಹಲ್ಲಿ ಒಳಗೆ ಬಂದದ್ದು ಎಲ್ಲಿಂದ?

ಬಯಲುಸೀಮೆ ತೋಟ
ಸಿಟಿ ವೈರು ಒಳಗೆ ಬಿಡಲು ನಾನೇ ಡ್ರಿಲ್ ಮಾಡಿದ ತೂತಿನಿಂದ. ಈಗ ಎಂ-ಸೀಲ್ ಮೆತ್ತಿದ್ದೇನೆ.